ಅಪ್ಪನಿಗೆ ಕಂಡದ್ದು ನನಗೆ ಯಾಕೆ ಕಾಣಲಿಲ್ಲ?

ಪ್ರಶ್ನೆ: ಸರ್, ನಮ್ಮದು ಬೈಲಹೊಂಗಲ ತಾಲೂಕಿನ ಒಂದು ಹಳ್ಳಿ. ಅಪ್ಪ ಮರಾಠಾ ಲೈಟ್ ಇನ್‌ಫಂಟ್ರಿಯಲ್ಲಿ ಹವಾಲ್ದಾರ್ ಆಗಿ ನಿವೃತ್ತರಾದವರು. ಹೋದ ತಿಂಗಳು ಬೆಳಗಾವಿಯ ಗೆಳೆಯ ಕೊಟ್ಟ ‘ಬೋ ತ್ರವಾಯ್’ ಎಂಬ ಫ್ರೆಂಚ್ ಸಿನಿಮಾವನ್ನು ಇಬ್ಬರೂ ಕೂತು ನೋಡಿದೆವು. ಮಿಲ್ಟ್ರಿ ಸಿನಿಮಾ ಅಂದಿದ್ದಕ್ಕೆ ಅಪ್ಪ ಕೂತರು. ನೋಡಿದರೆ ಯುದ್ಧವೇ ಇಲ್ಲ. ಮಾತೂ ಕಡಿಮೆ. ಸಿಪಾಯಿಗಳು ಕಸರತ್ತು ಮಾಡುತ್ತಾರೆ, ಬಟ್ಟೆ ಒಣಹಾಕುತ್ತಾರೆ, ಇಸ್ತ್ರಿ ಮಾಡುತ್ತಾರೆ. ಕೊನೆಗೆ ಒಬ್ಬ ಒಂಟಿಯಾಗಿ ಕುಣಿಯುತ್ತಾನೆ. ಅಸೂಯೆಯ ಕಥೆ ಅಂತ ಓದಿದ್ದೆ. ಅಸೂಯೆ ಎಲ್ಲಿತ್ತು ಅಂತ ನನಗೆ ಗೊತ್ತಾಗಲೇ ಇಲ್ಲ. ಆದರೆ ಅಪ್ಪ ಮಧ್ಯೆ ಎದ್ದು ಹೋಗಲಿಲ್ಲ. ಮುಗಿದ ಮೇಲೆ ‘ಇಂಥಾ ಸಾಹೇಬ ನಮ್ಮ ಕಂಪನ್ಯಾಗೂ ಇದ್ದ’ ಅಂದು ಮಲಗಲು ಹೋದರು. ಮತ್ತೆ ಕೇಳಿದರೆ ಏನೂ ಹೇಳುತ್ತಿಲ್ಲ. ಅವರಿಗೆ ಕಂಡದ್ದೇನು? ಆ ಕುಣಿತಕ್ಕೆ ಏನು ಅರ್ಥ?

ಉತ್ತರ: ನಿಮ್ಮ ತಂದೆಯವರ ಆ ಒಂದು ಮಾತು ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಬೆಳಗಾವಿಯಲ್ಲಿ ಎಷ್ಟೋ ವರ್ಷಗಳಿಂದ ಹುಡುಗರಿಗೆ ಸಿನಿಮಾ ತೋರಿಸಿ, ಅದರ ಬಗ್ಗೆ ಮಾತಾಡುತ್ತಾ ಬಂದಿದ್ದೇನೆ. ಈ ಸಿನಿಮಾ ಹಾಕಿದಾಗಲೆಲ್ಲ ಅರ್ಧ ಮಂದಿ ನಿಮ್ಮ ಪ್ರಶ್ನೆಯನ್ನೇ ಕೇಳುತ್ತಾರೆ. ಉಳಿದವರು ಆ ಚೆಲುವ ಹುಡುಗನ ಬಗ್ಗೆ ಮಾತಾಡುತ್ತಾರೆ, ‘ಪಾಪ, ಅವನ ತಪ್ಪೇನಿತ್ತು’ ಅನ್ನುತ್ತಾರೆ. ನಿಮ್ಮ ತಂದೆ ಹುಡುಗನ ವಿಷಯ ಎತ್ತಲೇ ಇಲ್ಲ ನೋಡಿ. ಸಾಹೇಬನ ವಿಷಯ ಎತ್ತಿದರು. ಈ ಸಿನಿಮಾ ಇರುವುದೇ ಆ ಸಾಹೇಬನ ಬಗ್ಗೆ.

ಕಥೆ ಬೇಗ ಹೇಳಿ ಮುಗಿಸುತ್ತೇನೆ, ಅದು ಇರುವುದೂ ಅಷ್ಟೇ. ಆಫ್ರಿಕಾದ ಜಿಬೂತಿ ದೇಶ. ಅಲ್ಲಿ ಫ್ರೆಂಚ್ ಫಾರಿನ್ ಲೀಜನ್ನಿನ ಒಂದು ತುಕಡಿ. ಬೇರೆ ಬೇರೆ ದೇಶದವರು ಬಂದು ಫ್ರಾನ್ಸಿಗಾಗಿ ದುಡಿಯುವ ಈ ಪಡೆ 1831ರಲ್ಲಿ ಶುರುವಾದದ್ದು. ತುಕಡಿಯ ಕಮಾಂಡರ್ ಫೊರೆಸ್ತಿಯೆ. ಅವನ ಕೈಕೆಳಗೆ ಗಲೂಪ್. ಅಧಿಕಾರಿಗಳಿಗೂ ಸಿಪಾಯಿಗಳಿಗೂ ನಡುವೆ ನಿಂತು ಇಡೀ ತುಕಡಿ ನಡೆಸುವವನು, ನಮ್ಮ ಕಡೆ ಸುಬೇದಾರ್ ಸಾಹೇಬರು ಇರುತ್ತಾರಲ್ಲ, ಹಾಗೆ. ಹೊಸದಾಗಿ ಸಾಂತೆನ್ ಅನ್ನುವ ಹುಡುಗ ಬಂದು ಸೇರುತ್ತಾನೆ. ಎಲ್ಲರಿಗೂ ಬೇಕಾದವನಾಗುತ್ತಾನೆ. ಹೆಲಿಕಾಪ್ಟರ್ ಸಮುದ್ರಕ್ಕೆ ಬಿದ್ದಾಗ ಜೊತೆಗಾರನೊಬ್ಬನನ್ನು ಉಳಿಸುತ್ತಾನೆ. ಕಮಾಂಡರ್ ಅವನನ್ನು ಮೆಚ್ಚುತ್ತಾನೆ. ಗಲೂಪ್ ಅವನನ್ನು ಮುಗಿಸಲು ದಾರಿ ಹುಡುಕುತ್ತಾನೆ, ಹುಡುಕಿ ತಾನೇ ಮುಗಿದುಹೋಗುತ್ತಾನೆ.

ನಿರ್ದೇಶಕಿ ಕ್ಲೇರ್ ಡೆನಿ ಇದನ್ನು 1999ರಲ್ಲಿ ಮಾಡಿದರು. ಅವರ ತಂದೆ ಫ್ರೆಂಚ್ ವಸಾಹತು ಆಡಳಿತದಲ್ಲಿದ್ದವರು. ಹಾಗಾಗಿ ಅವರ ಬಾಲ್ಯ ಆಫ್ರಿಕಾದ ಹಲವು ಕಡೆ ಕಳೆಯಿತು, ಜಿಬೂತಿಯಲ್ಲೂ ಇದ್ದರು. ಮೂಲ ಎಳೆ ಅಮೆರಿಕದ ಹರ್ಮನ್ ಮೆಲ್ವಿಲ್ ಬರೆದ ‘ಬಿಲ್ಲಿ ಬಡ್’ ಕಥೆ. ಮೆಲ್ವಿಲ್ 1891ರಲ್ಲಿ ತೀರಿಕೊಂಡಾಗ ಅದು ಇನ್ನೂ ಕೈಬರಹದಲ್ಲೇ ಇತ್ತು, ಅಚ್ಚಾದದ್ದು 1924ರಲ್ಲಿ. ಅದು ಹಡಗಿನ ಕಥೆ. ಒಳ್ಳೆಯ ಹುಡುಗನ ಮೇಲೆ ಮೇಲಿನವನೊಬ್ಬ ಸುಳ್ಳು ಆಪಾದನೆ ಹೊರಿಸುತ್ತಾನೆ. ಹುಡುಗ ಒಂದೇ ಏಟು ಹೊಡೆಯುತ್ತಾನೆ, ಆಪಾದನೆ ಹೊರಿಸಿದವನು ಸಾಯುತ್ತಾನೆ, ಹುಡುಗನಿಗೆ ಗಲ್ಲು. ಡೆನಿ ಒಂದು ದೊಡ್ಡ ಬದಲಾವಣೆ ಮಾಡಿದರು. ಕಥೆ ಹೇಳುವ ಕೆಲಸವನ್ನು ಹೊಟ್ಟೆಕಿಚ್ಚಿನವನ ಕೈಗೇ ಕೊಟ್ಟರು. ಗಲೂಪ್ ಸೈನ್ಯದಿಂದ ಹೊರಬಿದ್ದಿದ್ದಾನೆ. ಮಾರ್ಸೇಲ್ ಊರಿನ ಒಂದು ಕೋಣೆಯಲ್ಲಿ ಕೂತು ಡೈರಿ ಬರೆಯುತ್ತಿದ್ದಾನೆ. ನಾವು ನೋಡುವ ಜಿಬೂತಿ ಅವನ ನೆನಪು.

ಈ ಒಂದು ಸಂಗತಿ ಹಿಡಿದುಕೊಂಡರೆ ನಿಮ್ಮ ‘ಅಸೂಯೆ ಎಲ್ಲಿತ್ತು’ ಅನ್ನುವ ಪ್ರಶ್ನೆಗೆ ಉತ್ತರ ಸಿಗುತ್ತದೆ. ಅದು ಯಾವುದೋ ಒಂದು ದೃಶ್ಯದಲ್ಲಿ ಇಲ್ಲ. ನೋಡುವ ಕಣ್ಣಿನಲ್ಲೇ ಇದೆ. ಸಾಂತೆನ್ ಯಾಕೆ ಅಷ್ಟು ಚೆಲುವನಾಗಿ ಕಾಣುತ್ತಾನೆ? ಅವನ ಕತ್ತು, ಅವನ ಭುಜ, ಬಿಸಿಲಿಗೆ ಕಣ್ಣು ಕಿರಿದು ಮಾಡುವ ರೀತಿ ಇವೆಲ್ಲ ಯಾಕೆ ಅಷ್ಟು ಹತ್ತಿರದಿಂದ ಕಾಣುತ್ತವೆ? ನೆನಪು ಮಾಡಿಕೊಳ್ಳುತ್ತಿರುವವನು ಹಾಗೆ ನೋಡಿದ್ದ. ಹೊಟ್ಟೆಕಿಚ್ಚು ಇರುವವನಷ್ಟು ಗಮನವಿಟ್ಟು ಇನ್ನೊಬ್ಬ ಮನುಷ್ಯನನ್ನು ಯಾರೂ ನೋಡುವುದಿಲ್ಲ. ತಾಯಿ ಕೂಡ ಮಗನನ್ನು ಅಷ್ಟು ನೋಡಿರುವುದಿಲ್ಲ.

ಇದನ್ನು ನಾನು ಸಿನಿಮಾದಲ್ಲಿ ಕಲಿಯುವ ಮೊದಲು ಬೆಳಗಾವಿಯ ರಸ್ತೆಯಲ್ಲಿ ಕಂಡಿದ್ದೆ. ಭರ್ತಿಗೆ ತಯಾರಿ ಮಾಡುವ ಹುಡುಗರು ನಸುಕಿನಲ್ಲಿ ಓಡುತ್ತಾರಲ್ವಾ? ನಾನು ವಾಕಿಂಗ್ ಹೋಗುವ ದಾರಿಯಲ್ಲಿ ಅಂಥ ಒಂದು ಗುಂಪಿತ್ತು. 1,600 ಮೀಟರ್ ಓಟದಲ್ಲಿ ಅವರಲ್ಲಿ ಒಬ್ಬನೇ ಯಾವಾಗಲೂ ಮುಂದೆ. ಸ್ವಲ್ಪ ಎತ್ತರದ, ಗಟ್ಟಿ ಹುಡುಗ. ಒಂದು ದಿನ ಹಳ್ಳಿಯಿಂದ ಹೊಸಬ ಬಂದ. ಬರಿಗಾಲು. ಏದುಸಿರು ಕೂಡ ಇಲ್ಲದೆ ಓಡಿದ. ಕಲಿಸುವ ಮಾಜಿ ಸೈನಿಕರು ಏನೂ ಹೇಳಲಿಲ್ಲ, ಸ್ಟಾಪ್‌ವಾಚ್ ನೋಡಿ ಮತ್ತೊಮ್ಮೆ ನೋಡಿದರು, ಅಷ್ಟೆ. ಆಗ ಹಳೆಯ ಹುಡುಗ ಕೆಳಗೆ ಕೂತು ಬೂಟಿನ ಲೇಸ್ ಬಿಚ್ಚಿದ, ಮತ್ತೆ ಕಟ್ಟಿದ, ಮತ್ತೆ ಬಿಚ್ಚಿದ. ಕೈ ಲೇಸಿನ ಮೇಲೆ. ಕಣ್ಣು ಹೊಸಬನ ಮೇಲೂ ಇರಲಿಲ್ಲ, ಸ್ಟಾಪ್‌ವಾಚ್ ಹಿಡಿದವರ ಮುಖದ ಮೇಲಿತ್ತು.

ಅಲ್ಲಿದೆ ವಿಷಯ. ಹೊಟ್ಟೆಕಿಚ್ಚಿಗೆ ಮೂರು ಜನ ಬೇಕು. ಸಿನಿಮಾವನ್ನು ಎರಡನೇ ಸಲ ನೋಡುವಾಗ ಸಾಂತೆನ್‌ನನ್ನು ಬಿಟ್ಟು, ಫೊರೆಸ್ತಿಯೆ ಎತ್ತ ನೋಡುತ್ತಾನೆ ಅಂತ ನೋಡಿ. ಆಮೇಲೆ ಅವನು ನೋಡುವುದನ್ನು ಗಲೂಪ್ ಹೇಗೆ ನೋಡುತ್ತಾನೆ ಅಂತ ನೋಡಿ. ರಾತ್ರಿ ಪಹರೆಯಲ್ಲಿದ್ದ ಸಾಂತೆನ್ ಹತ್ತಿರ ಕಮಾಂಡರ್ ಬಂದು ಮನೆಯವರ ಬಗ್ಗೆ ಕೇಳುತ್ತಾನೆ. ಯಾರೂ ಇಲ್ಲ, ಮೆಟ್ಟಿಲ ಮೇಲೆ ಸಿಕ್ಕ ಕೂಸು ನಾನು ಅನ್ನುತ್ತಾನೆ ಹುಡುಗ. ಸಿಕ್ಕಿದ್ದು ಒಳ್ಳೆಯದೇ ಸಿಕ್ಕಿತು ಅನ್ನುವ ಧಾಟಿಯಲ್ಲಿ ಕಮಾಂಡರ್ ಉತ್ತರ ಕೊಡುತ್ತಾನೆ. ಎರಡು ಮಾತು, ಅಷ್ಟೆ. ವರ್ಷಗಟ್ಟಲೆ ಒಂದು ಲೋಪ ಇಲ್ಲದೆ ದುಡಿದ ಗಲೂಪ್‌ಗೆ ಅಂಥ ಎರಡು ಮಾತು ಸಿಕ್ಕಿದ್ದನ್ನು ನಾವು ನೋಡುವುದಿಲ್ಲ.

ನಮ್ಮ ಭಾಷೆಗೆ ಈ ಸಂಗತಿ ಚೆನ್ನಾಗಿ ಗೊತ್ತು. ಹೊಟ್ಟೆಕಿಚ್ಚು ಅನ್ನುತ್ತೇವೆ, ಹೊಟ್ಟೆ ಉರಿ ಅನ್ನುತ್ತೇವೆ. ಎರಡೂ ಮೈಯ ಮಾತು. ಆದರೆ ನಮ್ಮ ಆಟಗಳಲ್ಲಿ ಈ ಕಿಚ್ಚು ಬಾಯಿಗೆ ಬಂದೇ ಬರುತ್ತದೆ. ನಿಮ್ಮ ಕಡೆ ಶ್ರೀಕೃಷ್ಣ ಪಾರಿಜಾತ ನೋಡಿರುತ್ತೀರಿ. ಕುಲಗೋಡ ತಮ್ಮಣ್ಣ ಬೆಳೆಸಿದ, ಕೌಜಲಗಿ ನಿಂಗಮ್ಮ ಹಾಡಿ ಮನೆಮಾತಾದ ಆಟ. ಇರುವುದು ಒಂದು ಹೂವಿನ ಜಗಳ. ಅದು ರುಕ್ಮಿಣಿಗೆ ಹೋಯಿತು, ಸತ್ಯಭಾಮೆಗೆ ಬರಲಿಲ್ಲ. ಅಷ್ಟಕ್ಕೇ ರಾತ್ರಿ ಪೂರ್ತಿ ಆಟ ನಡೆಯುತ್ತದೆ. ಸತ್ಯಭಾಮೆ ಸಿಟ್ಟಾಗುತ್ತಾಳೆ, ಅಳುತ್ತಾಳೆ, ಹಾಡುತ್ತಾಳೆ, ದೂತಿಯ ಮುಂದೆ ಎಲ್ಲ ಹೇಳಿಕೊಳ್ಳುತ್ತಾಳೆ. ಮುಂದೆ ಕೂತ ಹೆಂಗಸರಿಗೂ ಕಣ್ಣು ತುಂಬುತ್ತದೆ. ಅವಳಿಗೆ ಹಾಗೆ ಹೇಳಿಕೊಳ್ಳುವ ಹಕ್ಕಿದೆ, ಅವಳು ಹೆಂಡತಿ. ಗಲೂಪ್ ಯಾವ ಹಕ್ಕಿನಿಂದ ಹೇಳಿಕೊಳ್ಳಬೇಕು? ನನ್ನ ಕಮಾಂಡರ್ ಇನ್ನೊಬ್ಬ ಸಿಪಾಯಿಯನ್ನು ಮೆಚ್ಚಿದರು, ನನ್ನ ಹೊಟ್ಟೆ ಉರಿಯುತ್ತಿದೆ ಅಂತ ಬ್ಯಾರಕ್ಕಿನಲ್ಲಿ ಯಾರ ಮುಂದೆ ಹೇಳುವುದು? ಅವನಿಗೆ ದೂತಿ ಇಲ್ಲ. ಅದು ಪ್ರೀತಿಯೋ, ಭಕ್ತಿಯೋ, ಬರೀ ಹುದ್ದೆಯ ಆಸೆಯೋ ಅಂತ ಅವನಿಗೇ ಗೊತ್ತಿಲ್ಲ. ಸೈನ್ಯ ಅವನಿಗೆ ನೂರು ಆಜ್ಞೆಗಳನ್ನು ಕಲಿಸಿದೆ. ಈ ಒಂದಕ್ಕೆ ಮಾತು ಕಲಿಸಿಲ್ಲ. ಮಾತಿಲ್ಲದ ಮನುಷ್ಯನ ಕಥೆಯನ್ನು ಮಾತಿನಲ್ಲಿ ಹೇಳಿದರೆ ಅದು ಸುಳ್ಳಾಗುತ್ತದೆ. ಅದಕ್ಕೇ ಡೆನಿ ಮೈ, ಬೆಳಕು, ಕೆಲಸ ಇವುಗಳಲ್ಲೇ ಹೇಳಿದರು. ಡೈರಿಯ ಮಾತುಗಳಿವೆ ನಿಜ. ಆದರೆ ಅವು ಚುಟುಕು, ರಿಪೋರ್ಟ್ ಒಪ್ಪಿಸಿದ ಹಾಗೆ.

ಇಸ್ತ್ರಿಯ ದೃಶ್ಯಕ್ಕೆ ಬರೋಣ. ಅದೇನು ಸುಮ್ನೆ ಹೊತ್ತು ಕಳೆಯಲು ಹಾಕಿದ್ದು ಅಂತ ನಿಮಗೆ ಅನ್ನಿಸಿರಬಹುದು. ನಾನು ಬೆಳಗಾವಿ ಕ್ಯಾಂಪ್ ಕಡೆ ಒಂದು ಇಸ್ತ್ರಿ ಅಂಗಡಿಯ ಮುಂದೆ ಎಷ್ಟೋ ಸಲ ನಿಂತಿದ್ದೇನೆ. ಫೌಜಿಗಳ ಶರ್ಟ್ ಬಂದಾಗ ಅಂಗಡಿಯವರ ಕೈ ಬೇರೆ ಆಗುತ್ತದೆ. ನಮ್ಮ ಶರ್ಟುಗಳನ್ನು ಸರಸರ ಎಳೆದು ಮುಗಿಸುವವರು, ಆ ಶರ್ಟಿನ ತೋಳನ್ನು ಮಾತ್ರ ಮೊದಲು ಅಂಗೈಯಿಂದ ಸವರಿ ಸಮ ಮಾಡುತ್ತಾರೆ. ಬೆರಳಲ್ಲಿ ನೀರು ಚಿಮುಕಿಸುತ್ತಾರೆ. ಗೆರೆ ಎಲ್ಲಿ ಬರಬೇಕೋ ಅಲ್ಲಿ ಉಗುರಿನಿಂದ ಒಂದು ಗುರುತು ಎಳೆದು, ಆಮೇಲೆ ಪೆಟ್ಟಿಗೆ ಇಡುತ್ತಾರೆ. ‘ಒಂದು ಗೆರೆ ತಪ್ಪಿದರೆ ಹುಡುಗನಿಗೆ ಬೈಗಳು ನನ್ನಿಂದ’ ಅಂತ ಒಮ್ಮೆ ನನಗೆ ಹೇಳಿದ್ದರು.

ಲೀಜನ್ನಿನಲ್ಲೂ ಶರ್ಟಿನ ಗೆರೆಗಳಿಗೆ ಅಷ್ಟೇ ಕಟ್ಟುನಿಟ್ಟು. ಸಿನಿಮಾದಲ್ಲಿ ಆ ಗಟ್ಟಿ ಗಂಡಸರು ಸಾಲಾಗಿ ನಿಂತು, ಬಾಗಿ, ಮೆಲ್ಲಗೆ ಇಸ್ತ್ರಿ ಪೆಟ್ಟಿಗೆ ಜಾರಿಸುತ್ತಾರೆ. ಗಲೂಪ್ ಕೂಡ ಹಾಗೇ ಮಾಡುತ್ತಾನೆ. ಅವನಿಗೆ ಇದು ಬಟ್ಟೆಯ ಕೆಲಸ ಅಲ್ಲ. ಹೊರಗಿನ ಗೆರೆ ನೆಟ್ಟಗಿದ್ದರೆ ಒಳಗೂ ಎಲ್ಲ ನೆಟ್ಟಗಿದೆ ಅಂತ ನಂಬಿದ ಮನುಷ್ಯ ಅವನು. ಸಿನಿಮಾದ ಹೆಸರನ್ನು ನಾವು ‘ಒಳ್ಳೆ ಕೆಲಸ’ ಅನ್ನಬಹುದು, ಭೇಷ್ ಅನ್ನುತ್ತೇವಲ್ಲ, ಆ ಧಾಟಿ. ಒಳ್ಳೆ ಕೆಲಸ ಮಾಡಿದರೆ ಮೇಲಿನವರ ಮನಸ್ಸು ಗೆಲ್ಲಬಹುದು ಅಂತ ಬದುಕಿದವನ ಮುಂದೆ, ಕೆಲಸಕ್ಕಿಂತ ಮೊದಲೇ ಮನಸ್ಸು ಗೆದ್ದುಬಿಡುವ ಹುಡುಗ ಬಂದು ನಿಲ್ಲುತ್ತಾನೆ. ಸಾಂತೆನ್ ಪ್ರಯತ್ನಪಡುವುದೇ ಇಲ್ಲ. ಗಲೂಪ್‌ಗೆ ತಡೆಯಲಾಗದ್ದು ಅದು. ನಿಮ್ಮ ತಂದೆ ಎದ್ದು ಹೋಗದೆ ಕೂತದ್ದು ಇಂಥ ಕಡೆಗಳಲ್ಲೇ ಅಂತ ನನಗೆ ಅನ್ನಿಸುತ್ತದೆ. ಇಸ್ತ್ರಿ, ಹಾಸಿಗೆ, ಸಾಲು. ಇವು ನಮಗೆ ಏನೂ ನಡೆಯದ ಹೊತ್ತು. ಸೈನ್ಯದಲ್ಲಿದ್ದವರಿಗೆ ಎಲ್ಲ ನಡೆಯುವ ಹೊತ್ತು ಅದೇ. ಯಾರಿಗೆ ಮೆಚ್ಚುಗೆ, ಯಾರಿಗೆ ಕಡೆಗಣ್ಣು, ಎಲ್ಲ ಅಲ್ಲೇ ತೀರ್ಮಾನ ಆಗಿರುತ್ತದೆ.

ಕಸರತ್ತಿನ ದೃಶ್ಯಗಳ ಬಗ್ಗೆ. ಅವನ್ನು ಕಟ್ಟಿದವರು ಬೆರ್ನಾರ್ದೊ ಮೊಂತೆ ಎಂಬ ನೃತ್ಯ ನಿರ್ದೇಶಕರು. ಹಾಗಾಗಿ ಪರೇಡ್ ಎಲ್ಲಿ ಮುಗಿಯಿತು, ಕುಣಿತ ಎಲ್ಲಿ ಶುರುವಾಯಿತು ಅಂತ ಹೇಳಲು ಬರುವುದಿಲ್ಲ. ಜೊತೆಗೆ ಕೇಳಿಸುವ ಭಾರವಾದ ಗಂಡುದನಿಗಳು ಬೆಂಜಮಿನ್ ಬ್ರಿಟನ್ ಅದೇ ಬಿಲ್ಲಿ ಬಡ್ ಕಥೆಯ ಮೇಲೆ 1951ರಲ್ಲಿ ಕಟ್ಟಿದ ಸಂಗೀತ ನಾಟಕದವು. ಸಿಪಾಯಿಗಳು ಇಬ್ಬಿಬ್ಬರಾಗಿ ಓಡಿಬಂದು ಎದೆಗೆ ಎದೆ ಡಿಕ್ಕಿ ಹೊಡೆದು ಅಪ್ಪಿಕೊಳ್ಳುತ್ತಾರೆ ನೋಡಿ. ಅದು ಏಟೂ ಹೌದು, ಅಪ್ಪುಗೆಯೂ ಹೌದು. ಇನ್ನೊಂದು ಕಡೆ ಗಲೂಪ್ ಮತ್ತು ಸಾಂತೆನ್ ಸಮುದ್ರದ ಬದಿ ಒಬ್ಬರನ್ನೊಬ್ಬರು ನೋಡುತ್ತಾ ಸುತ್ತುತ್ತಾರೆ, ಸುತ್ತು ಚಿಕ್ಕದಾಗುತ್ತಾ ಹೋಗುತ್ತದೆ. ನಮ್ಮ ಗರಡಿಯಲ್ಲಿ ಪೈಲ್ವಾನರು ಕೈ ಹಾಕುವ ಮೊದಲು ಸುತ್ತುವುದನ್ನು ನೋಡಿದವರಿಗೆ ಅಲ್ಲಿ ವಿವರಣೆ ಬೇಕಾಗಿಲ್ಲ. ಕ್ಯಾಮೆರಾ ಹಿಡಿದವರು ಆನ್ಯೆಸ್ ಗೊದಾರ್, ಒಬ್ಬ ಹೆಣ್ಣುಮಗಳು. ಈ ಕೆಲಸಕ್ಕೆ ಫ್ರಾನ್ಸಿನ ಸೀಸರ್ ಪ್ರಶಸ್ತಿ ಬಂತು. ಗಂಡಸರ ಮೈಯನ್ನು ಸಿನಿಮಾದಲ್ಲಿ ಇಷ್ಟು ಮರ್ಯಾದೆಯಿಂದ, ಇಷ್ಟು ತಾಳ್ಮೆಯಿಂದ ನೋಡಿದ್ದು ಬಹಳ ಕಡಿಮೆ.

ಜಿಬೂತಿಗೆ ಸ್ವಾತಂತ್ರ್ಯ ಬಂದದ್ದು 1977ರಲ್ಲಿ. ಆಮೇಲೂ ಫ್ರೆಂಚರ ಪಡೆ ಅಲ್ಲೇ ಉಳಿಯಿತು. ಈ ಸಿಪಾಯಿಗಳಿಗೆ ಹೋರಾಡಲು ಶತ್ರು ಇಲ್ಲ. ರಸ್ತೆ ರಿಪೇರಿ ಮಾಡುತ್ತಾರೆ, ಆಲೂಗಡ್ಡೆ ಸುಲಿಯುತ್ತಾರೆ. ಊರಿನ ಜನ ದೂರ ನಿಂತು ಇವರನ್ನು ನೋಡುತ್ತಾರೆ. ಆ ಜನರ ನೋಟ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಶತ್ರು ಇಲ್ಲದ ಕಡೆ ಸೈನ್ಯದ ಬಿಗಿ ಎಲ್ಲಿಗೆ ಹೋಗಬೇಕು? ಒಳಗೇ ತಿರುಗುತ್ತದೆ. ಒಂದು ಕೊರತೆಯನ್ನೂ ಹೇಳಿಬಿಡುತ್ತೇನೆ. ಗಲೂಪ್ ಜೊತೆ ಇರುವ ಅಲ್ಲಿನ ಹುಡುಗಿಗೆ ಸಿನಿಮಾ ಸಾಕಷ್ಟು ಜಾಗ ಕೊಟ್ಟಿಲ್ಲ. ಅವಳಿಗೂ ಒಂದು ಕಥೆ ಇರಬೇಕಿತ್ತು.

ಇನ್ನು ಆ ಏಟು. ಸಿಪಾಯಿಯೊಬ್ಬ ಪಹರೆ ಬಿಟ್ಟು ಹೋಗಿದ್ದಕ್ಕೆ ಗಲೂಪ್ ಅವನಿಗೆ ಬಿಸಿಲಿನಲ್ಲಿ ಗುಂಡಿ ತೋಡುವ ಶಿಕ್ಷೆ ಕೊಡುತ್ತಾನೆ. ಅವನ ಬಾಯಿ ಒಣಗಿದೆ. ಸಾಂತೆನ್ ನೀರು ಕೊಡಲು ಹೋಗುತ್ತಾನೆ. ಗಲೂಪ್ ನೀರು ಚೆಲ್ಲಿಸುತ್ತಾನೆ. ಸಾಂತೆನ್ ಕೈ ಎತ್ತುತ್ತಾನೆ. ಇಲ್ಲಿ ಗಲೂಪ್‌ನ ಮುಖವನ್ನು ಮತ್ತೆ ನೋಡಿ. ಕಾಯುತ್ತಿದ್ದುದು ಕೊನೆಗೂ ಬಂತು ಅನ್ನುವ ಹಾಗಿದೆ ಆ ಮುಖ. ಆ ಹುಡುಗನಲ್ಲಿ ಅವನಿಗೆ ಒಂದು ತಪ್ಪು ಬೇಕಿತ್ತು. ಸಿಕ್ಕ ತಪ್ಪು ಯಾವುದು? ಬಾಯಾರಿದವನಿಗೆ ನೀರು ಕೊಟ್ಟದ್ದು. ಗಲೂಪ್ ಅವನನ್ನು ಜೀಪಿನಲ್ಲಿ ಕರೆದೊಯ್ದು ಮರುಭೂಮಿಯಲ್ಲಿ ಇಳಿಸುತ್ತಾನೆ, ಕೆಟ್ಟ ದಿಕ್ಸೂಚಿ ಕೊಟ್ಟು. ಸಾಂತೆನ್ ಉಪ್ಪಿನ ಬಯಲಿನಲ್ಲಿ ಬೀಳುತ್ತಾನೆ. ಜಿಬೂತಿಯ ಅಸ್ಸಾಲ್ ಉಪ್ಪಿನ ಸರೋವರ ಸಮುದ್ರ ಮಟ್ಟಕ್ಕಿಂತ ಸುಮಾರು 155 ಮೀಟರ್ ಕೆಳಗಿದೆ, ಇಡೀ ಆಫ್ರಿಕಾದಲ್ಲಿ ಅಷ್ಟು ತಗ್ಗಿನ ಜಾಗ ಇನ್ನೊಂದಿಲ್ಲ. ಅಂಥ ನೆಲದಲ್ಲಿ ಬಿದ್ದ ಹುಡುಗನ ತುಟಿಯ ಮೇಲೆ ಉಪ್ಪು ಕಟ್ಟಿದೆ. ದಾರಿಯಲ್ಲಿ ಹೋಗುವ ಅಲ್ಲಿನ ಜನ ಅವನನ್ನು ನೋಡಿ ಎತ್ತಿಕೊಳ್ಳುತ್ತಾರೆ. ಒಂದು ಬಸ್ಸಿನಲ್ಲಿ ಹೆಂಗಸೊಬ್ಬಳು ಅವನ ಆರೈಕೆ ಮಾಡುತ್ತಾಳೆ. ಗಲೂಪ್ ತಡೆದ ನೀರನ್ನು ಗುರುತು ಪರಿಚಯ ಇಲ್ಲದವರು ಕೊಡುತ್ತಾರೆ. ಮೆಲ್ವಿಲ್‌ನ ಹುಡುಗ ಸತ್ತ. ಈ ಹುಡುಗ ಬದುಕಿರಬೇಕು ಅಂತ ನಾನು ನಂಬುತ್ತೇನೆ.

ಕೊನೆಯ ಕುಣಿತದ ಬಗ್ಗೆ ಕೇಳಿದ್ದೀರಿ. ಅದಕ್ಕೆ ಮೊದಲು ಏನಾಯಿತು ಅಂತ ನೆನಪು ಮಾಡಿಕೊಳ್ಳಿ. ಗಲೂಪ್ ತನ್ನ ಕೋಣೆಯಲ್ಲಿ ಹಾಸಿಗೆ ಸರಿಮಾಡುತ್ತಾನೆ, ಸೈನ್ಯದ ಶಿಸ್ತಿನಲ್ಲಿ. ಅದರ ಮೇಲೆ ಮಲಗುತ್ತಾನೆ. ಹೊಟ್ಟೆಯ ಮೇಲೆ ಪಿಸ್ತೂಲು. ಕ್ಯಾಮೆರಾ ಅವನ ತೋಳಿಗೆ ಹೋಗುತ್ತದೆ. ಅಲ್ಲಿ ಒಂದು ನರ ಟಪ್ ಟಪ್ ಅಂತ ಹೊಡೆದುಕೊಳ್ಳುತ್ತಿದೆ. ಅಷ್ಟರಲ್ಲಿ ಡಿಸ್ಕೊ ಹಾಡು ಶುರುವಾಗಿ, ಕನ್ನಡಿ ಗೋಡೆಯ ಮುಂದೆ ಕಪ್ಪು ಬಟ್ಟೆಯಲ್ಲಿ ಅವನು ನಿಂತಿರುತ್ತಾನೆ. ಕೈಯಲ್ಲಿ ಸಿಗರೇಟು. ಮೊದಲು ಎರಡು ಹೆಜ್ಜೆ, ಒಂದು ಸುತ್ತು, ಮತ್ತೆ ನಿಲ್ಲುತ್ತಾನೆ. ಆಮೇಲೆ ಮೈಗೆ ಮೈಯೇ ಎದ್ದು ಹಾರುತ್ತದೆ, ನೆಲಕ್ಕೆ ಬಿದ್ದು ಉರುಳುತ್ತದೆ. ಮೊದಲು ಬರೆದ ಚಿತ್ರಕಥೆಯಲ್ಲಿ ಈ ಕುಣಿತ ಪಿಸ್ತೂಲಿನ ದೃಶ್ಯಕ್ಕಿಂತ ಮೊದಲು ಇತ್ತು. ಡೆನಿ ಅದನ್ನು ಕೊನೆಗೆ ತಂದು ಇಟ್ಟರು. ಅವನು ಗುಂಡು ಹಾರಿಸಿಕೊಂಡನೋ ಇಲ್ಲವೋ ಅಂತ ಸಿನಿಮಾ ಹೇಳುವುದಿಲ್ಲ. ನನಗೆ ಕಾಣುವುದು ಇಷ್ಟು: ಇಡೀ ಸಿನಿಮಾದಲ್ಲಿ ಸಾಲಿನಲ್ಲಿ, ಎಣಿಕೆಯಲ್ಲಿ, ಇಸ್ತ್ರಿಯ ಗೆರೆಯಲ್ಲಿ ಇದ್ದ ಆ ಮೈ ಮೊದಲ ಸಲ ಯಾರ ಅಪ್ಪಣೆಗೂ ಕಾಯದೆ ಅಲ್ಲಾಡುತ್ತದೆ. ಬಾಯಿಗೆ ಬರದೆ ಉಳಿದ ಆ ಕಿಚ್ಚೆಲ್ಲ ಕೈಕಾಲುಗಳಿಂದ ಹೊರಗೆ ಬರುತ್ತದೆ. ಗಲೂಪ್ ಆಗಿ ನಟಿಸಿದ ಡೆನಿ ಲವಾಂ ಆ ಕೆಲವು ನಿಮಿಷಗಳಲ್ಲಿ ಮಾಡಿದ್ದು ಎಷ್ಟೋ ನಟರಿಗೆ ಜೀವಮಾನದಲ್ಲಿ ಸಾಧ್ಯವಾಗುವುದಿಲ್ಲ. 2022ರಲ್ಲಿ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ಜಗತ್ತಿನ ವಿಮರ್ಶಕರನ್ನು ಕೇಳಿ ಮಾಡಿದ ಸಾರ್ವಕಾಲಿಕ ಸಿನಿಮಾಗಳ ಪಟ್ಟಿಯಲ್ಲಿ ಇದು 7ನೇ ಜಾಗದಲ್ಲಿತ್ತು. ಆ ಕುಣಿತ ಇಲ್ಲದಿದ್ದರೆ ಅಷ್ಟು ಮೇಲೆ ಬರುತ್ತಿರಲಿಲ್ಲ ಅಂತ ನನ್ನ ಅನಿಸಿಕೆ.

ನಿಮ್ಮ ತಂದೆಯ ಕಂಪನಿಯ ಆ ಸಾಹೇಬ ಯಾರು, ಏನು ಮಾಡಿದರು ಅಂತ ಕೆದಕಬೇಡಿ. ಅವರು ಒಮ್ಮೆ ಹೇಳಿದ್ದೇ ಜಾಸ್ತಿ. ಇನ್ನೊಂದು ಸಲ ಸಿನಿಮಾ ಹಾಕಿ, ಒಂದೂವರೆ ಗಂಟೆ ಅಷ್ಟೆ. ಕೆಳಗೆ ಬರುವ ಅಕ್ಷರಗಳನ್ನು ಈ ಸಲ ಓದಬೇಡಿ, ಕಥೆ ನಿಮಗೆ ಈಗ ಗೊತ್ತಿದೆ. ದೀಪ ಆರಿಸಿ, ಸದ್ದು ಸ್ವಲ್ಪ ಜಾಸ್ತಿ ಇಡಿ. ಇಸ್ತ್ರಿಯ ದೃಶ್ಯ ಬಂದಾಗ ‘ಅಪ್ಪಾ, ನಿಮ್ಮಲ್ಲಿ ತೋಳಿಗೆ ಎಷ್ಟು ಗೆರೆ ಹಾಕತಿದ್ರಿ?’ ಅಂತ ಕೇಳಿ. ಅದಕ್ಕೆ ಅವರು ಖಂಡಿತ ಉತ್ತರ ಕೊಡುತ್ತಾರೆ. ಗೆರೆ ಹೇಗೆ ಹಾಕುತ್ತಿದ್ದರು, ತಪ್ಪಿದರೆ ಏನಾಗುತ್ತಿತ್ತು, ಯಾರು ಬಂದು ನೋಡುತ್ತಿದ್ದರು ಅಂತ ಮಾತು ಮುಂದೆ ಹೋದರೆ ಹೋಗಲಿ. ಹೋಗದಿದ್ದರೆ ಸುಮ್ನೆ ಪಕ್ಕದಲ್ಲಿ ಕೂತು ನೋಡಿ.